ಅತ್ತೆಯ ಬೆಲ್ಲ ನೀರು

ಆಲೆಟ್ಟಿ, ಭಾನುವಾರ

ಪ್ರೀತಿಯ ಅಪ್ಪ,

ಮದುವೆಯಾಗಿ ಇಪ್ಪತ್ತೇ ದಿನ, ಇಲ್ಲಿ ನಾನು ಮಹಾರಾಣಿ. ನಾನು ಮಾಡುವ ಸೋಪುಗಳಿಗೆ ನಿಮ್ಮ ಅಳಿಯ ಮೋಕ್ಷಿತ್ ಲೇಬಲ್ ಅಂಟಿಸುತ್ತಾರೆ, ಎಲ್ಲವೂ ಓರೆ.

ನನ್ನ ಸೋಪಿನ ಕಂಪನಿಯ ನೋಂದಣಿಗೆ ಈ ಮನೆಯ ವಿಳಾಸ ಕೊಟ್ಟದ್ದು ನನ್ನ ತಪ್ಪು. ಅದನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದಂತೆ. ನಿನ್ನೆ ಯಂತ್ರ ಮಾರುವವನೊಬ್ಬ ನೋಡಿಕೊಂಡು ಬಂದಿದ್ದ. ಅತ್ತೆ ಮನೆಗೆ ಬಂದವರಿಗೆಲ್ಲ ಕೊಡುವಂತೆ ಬೆಲ್ಲ ನೀರು ಕೊಟ್ಟು, "ಕೂರಿ ಮಾರಾಯ್ರೆ, ಐದು ಗಂಟೆಗೆ ಅವಳು ಒಬ್ಬಳೇ ನಡೆದು ಬರ್ತಾಳೆ" ಎಂದರಂತೆ. ಕಾಲೇಜಿನಲ್ಲಿ ನನ್ನ ಹಿಂದೆ ಬಿದ್ದಿದ್ದವನು ಬಂದಿದ್ದರೂ ಹೀಗೇ ಕೂರಿಸುತ್ತಿದ್ದರು.

ಅತ್ತೆ ಹೀಗೆಯೇ ಇರಲಿ, ನನಗೆ ತುಂಬ ಇಷ್ಟ. ವಿಳಾಸವನ್ನೇ ಬದಲಾಯಿಸುತ್ತೇನೆ. ಸುಳ್ಯದ ನಿಮ್ಮ ಅಂಗಡಿಯ ಮಹಡಿ ಇನ್ನು ನನ್ನ ಕಂಪನಿಯ ಕಚೇರಿ. ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಕರೆಂಟ್ ಬಿಲ್ಲಿನೊಂದಿಗೆ ಮೋಕ್ಷಿತ್ ಕೈಯಲ್ಲಿ ಕಳಿಸಿ.

ಆ ಕಾಲೇಜಿನವನು ಅಲ್ಲಿಗೆ ಬಂದರೆ ಬೆಲ್ಲ ಬೇಡ. ನಿಮ್ಮ ಮುಖ ಸಾಕು.

ನಿಮ್ಮ ಮುದ್ದಿನ,
ಭವಿತಾ