ಫ್ಯಾನಿನ ಕೆಳಗೆ ಹನ್ನೆರಡು ಜೋಡಿ

ಜುಲೈ 8, ಸಂಜೆ 4.30
ಇವತ್ತೂ ಗ್ಲೌಸೇ. ಕಾಲೇಜಿಂದ ಟ್ರೈನಿಂಗ್ ಅಂತ ಕಳಿಸಿದ್ದು ಕರೆಂಟ್ ಆಫೀಸಿಗೆ, ಕೂತಿರೋದು ಅದರ ಸ್ಟೋರಲ್ಲಿ. ಲೈನ್‌ಮನ್‌ಗಳ ರಬ್ಬರ್ ಗ್ಲೌಸಲ್ಲಿ ತೂತಿದ್ಯಾ ಅಂತ ನೋಡೋದು. ಗ್ಲೌಸಿನ ಬಾಯಿಂದ ಬೆರಳಿನ ಕಡೆಗೆ ಬಿಗಿಯಾಗಿ ಸುತ್ತಬೇಕು — ಒಳಗೆ ಸಿಕ್ಕಿಬಿದ್ದ ಗಾಳಿಗೆ ಬೆರಳು ಹಸುವಿನ ಕೆಚ್ಚಲ ಹಾಗೆ ಉಬ್ಬುತ್ತೆ. ಆಮೇಲೆ ಕಿವಿಗೆ, ಕೆನ್ನೆಗೆ ಹಿಡಿಯೋದು. ಸದ್ದಿಲ್ಲ, ಗಾಳಿ ತಾಗಲಿಲ್ಲ, ಓಕೆ. ರಿಜಿಸ್ಟರಲ್ಲಿ ಟಿಕ್, ಸೈನ್. ನನ್ನ ಕಾನ್ವೆಂಟು ಅಂತ ಕರೆಯೋ ಸ್ಟೋರ್ ಅಕ್ಕ ಇವತ್ತು ರಜ. ಹನ್ನೆರಡು ಜೋಡಿ ಒಬ್ಬಳೇ ಮುಗಿಸಿದೆ, ಆಲ್ ಪಾಸ್. ಸೆಕೆ ಅಂದ್ರೆ ಸೆಕೆ... ಫ್ಯಾನ್ ಫುಲ್ಲಲ್ಲಿಟ್ಟರೂ ಬೆವರು.
ಏಳನೇ ಜೋಡಿ ಚಿಕ್ಕಪ್ಪನದು, ಅವನೂ ಇಲ್ಲೇ ಲೈನ್‌ಮನ್. ಅಪ್ಪ ಹೋದ ಮೇಲೆ ಹಾಸ್ಟೆಲ್ಲಿಗೆ ನನ್ನ ನೋಡೋಕೆ ಬರ್ತಿದ್ದವನು ಅವನೊಬ್ಬನೇ. ಅಲ್ಲಿ ಸೈನ್ ಸ್ವಲ್ಪ ಸ್ಟೈಲಾಗಿ ಹಾಕಿದೆ.

ಜುಲೈ 9, ಬೆಳಗ್ಗೆ 9.50
ಅಕ್ಕ ಹೊಸ ಜೋಡಿ ತೆಗೆದ್ರು, ಸುತ್ತೋ ಮುಂಚೆ ಎದ್ದು ಫ್ಯಾನ್ ಆಫ್ ಮಾಡಿದ್ರು. ಯಾಕಕ್ಕಾ ಅಂದೆ.
"ಫ್ಯಾನ್ ಗಾಳಿ ಯಾವ್ದು, ತೂತಿನ ಗಾಳಿ ಯಾವ್ದು, ನಿನ್ನ ಕೆನ್ನೆಗೇನು ಕಣ್ಣಿದ್ಯಾ ಕಾನ್ವೆಂಟು?"
ನಿನ್ನೆ ಹನ್ನೆರಡೂ ಫ್ಯಾನಿನ ಕೆಳಗೆ.
ಹೇಳಿಬಿಟ್ಟೆ. ಅಕ್ಕ ಬೈಯಲಿಲ್ಲ, ಅದೇ ಜಾಸ್ತಿ ಹೆದರಿಕೆ. ಕಪಾಟಲ್ಲಿದ್ದ ಹನ್ನೊಂದನ್ನೂ ಇಬ್ಬರೂ ಕೂತು ಮತ್ತೆ ನೋಡಿದ್ವಿ. ಸರಿ ಇವೆ. ಏಳನೇ ಜೋಡಿ ಇಲ್ಲ. ಬೆಳಗ್ಗೆ ಎಂಟು ಗಂಟೆಗೇ ಚಿಕ್ಕಪ್ಪ ತಗೊಂಡು ಹೋಗಿದ್ದಾನೆ.
ಫೋನ್ ಎತ್ತುತ್ತಿಲ್ಲ. ಕಂಬದ ಮೇಲಿದ್ರೆ ಎತ್ತಲ್ಲ, ಅವನ ರೂಲು.

10.20
ಆರು ಸಲ ಮಾಡಿದೆ. ಅಕ್ಕ ಜೀಪ್ ಕಳಿಸಿದ್ದಾರೆ. ಆ ಸ್ಟೈಲ್ ಸೈನು ನೋಡೋಕಾಗ್ತಿಲ್ಲ.

10.35
ಎತ್ತಿದ.
"ಏನೇ ಮರಿ, ಊರಿಗೆ ಬೆಂಕಿ ಬಿದ್ದಿದ್ಯಾ?"
ಬಾಯಿಗೆ ಬಂದದ್ದು ಬರೀ ಸಾರಿ ಸಾರಿ. ಆಮೇಲೆ ಫ್ಯಾನ್ ಅಂದೆ, ಏಳನೇ ಜೋಡಿ ಅಂದೆ.
"ಓ, ಅದಾ. ಎಡಗೈ ಹೆಬ್ಬೆರಳ ಬುಡ, ಸೊಳ್ಳೆ ಥರ ಕುಂಯ್ ಅಂತಿತ್ತು. ಪಕ್ಕಕ್ಕಿಟ್ಟೆ. ಗಾಡೀಲಿ ಇನ್ನೊಂದು ಜೋಡಿ ಇತ್ತು."
"ನಾನು ಸೈನ್ ಹಾಕಿದ್ದೆನಲ್ಲ?"
"ದೇವರೇ ಸೈನ್ ಹಾಕಿದ್ರೂ ಕಂಬ ಹತ್ತೋ ಮುಂಚೆ ನಾನೊಂದ್ಸಲ ಸುತ್ತಿ ನೋಡ್ತೀನಿ ಕಣೇ."
ಸ್ಟೋರ್ ಹಿಂದೆ ಹೋಗಿ ಅತ್ತೆ. ಮೂರು ಲೋಟ ನೀರು. ಬೆಳಗ್ಗಿಂದ ಏನೂ ತಿಂದಿಲ್ಲ ಅಂತ ಆಗ ನೆನಪಾಯ್ತು.

ಸಂಜೆ 5
ಏಳನೇ ಜೋಡಿ ಜೀಪಲ್ಲಿ ವಾಪಸ್ ಬಂತು. ತೂತಾದ ಗ್ಲೌಸಿನ ಬೆರಳು ಕತ್ತರಿಸಿಬಿಡಬೇಕಂತೆ, ಯಾರೂ ಮರೆತು ಹಾಕ್ಕೊಳ್ಳದ ಹಾಗೆ. ಅಕ್ಕ ಕತ್ತರಿ ನನ್ನ ಕೈಗೇ ಕೊಟ್ರು. ರಿಜಿಸ್ಟರಲ್ಲಿ ನನ್ನ ಟಿಕ್ ಮೇಲೆ ಗೀಟು ಎಳೆದು ನಾನೇ ಬರೆದೆ: ಫ್ಯಾನ್ ಓಡ್ತಿತ್ತು, ಪರೀಕ್ಷೆ ಲೆಕ್ಕಕ್ಕಿಲ್ಲ. ಹೆಬ್ಬೆರಳು ನನ್ನ ಜೇಬಲ್ಲಿದೆ.

ಜುಲೈ 16, ಬೆಳಗ್ಗೆ 7.40
ಫ್ಯಾನ್ ಆಫ್. ಕಿಟಕಿ ಬಂದ್. ಬೆವರು ಸುರೀತಿದೆ, ಸುರೀಲಿ. ಆರು ಜೋಡಿ ಆಯ್ತು. ಏಳನೇ ನಂಬರಿಗೆ ಹೊಸ ಜೋಡಿ. ಬಾಗಿಲಲ್ಲಿ ಚಿಕ್ಕಪ್ಪ, ಕಂಕುಳಲ್ಲಿ ಹೆಲ್ಮೆಟ್.
"ಬೇಗ ಕೊಡೇ. ಹೇಗೂ ನಾನು ನೋಡ್ಕೊತೀನಲ್ಲ."
"ನೀನು ನೋಡ್ಕೊ. ಮೊದಲು ನನ್ನದು ಮುಗೀಲಿ."
ಅವನನ್ನ ಕಾಯಿಸೋಕೇ ಇಷ್ಟು ಬರೆದೆ. ನಗ್ತಿದ್ದಾನೆ. ಬಲಗೈ ಸರಿ ಇದೆ. ಎಡಗೈ ಬಾಕಿ, ಸುತ್ತೋಕೆ ಎರಡೂ ಕೈ ಬೇಕು, ಪೆನ್ನು—