ಡ್ರಾಯರಿಗೆ ಕಚ್ಚು ಕೊರೆಯುವ ಬಗೆ

ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸ ಜಾಸ್ತಿಯಿತ್ತು ಎಂದು ಬರೆಯೋಣವೆಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟೇನೂ ಇರಲಿಲ್ಲ. ತಪ್ಪು ತಿಳಿಯಬೇಡ.

ನನ್ನ ಎರಡು ಬೆರಳು ಹೋದ ದಿನದಿಂದ ಮರಗೆಲಸ ಬಿಟ್ಟ ನೀನು ಆರು ವರ್ಷದ ಮೇಲೆ ಮತ್ತೆ ಮರ ಮುಟ್ಟಿದ್ದೀಯೆಂದು ನಿನ್ನ ಭಾವನಿಗೆ ಓದಿ ಹೇಳಿದೆ. ಅವರಿಗೆ ಖುಷಿಯೋ ಖುಷಿ. ಮೊದಲ ಡ್ರಾಯರ್ ತಮಗೇ ಬೇಕಂತೆ, ಕನ್ನಡಕ ಇಡುವುದಕ್ಕೆ. ಅದೆಲ್ಲಿ ಎಂದು ದಿನಾ ನನ್ನನ್ನು ಕೇಳುವುದು ತಪ್ಪುತ್ತದಂತೆ. ಮುಂದಿನ ಸಾಲನ್ನು ಮಾತ್ರ ಓದಲಿಲ್ಲ. ಕಚ್ಚು ಕೊರೆಯುವ ಯಂತ್ರ, ರೂಟರ್ ಟೇಬಲ್, ತಂದು ತಿಂಗಳಾದರೂ ಸ್ವಿಚ್ ಹಾಕಲು ಕೈ ಬರುತ್ತಿಲ್ಲ, ಹಾಕಲು ಹೋದರೆ ಅಕ್ಕಾ, ನಿನ್ನ ಎಡಗೈಯೇ ಕಣ್ಣಮುಂದೆ ಬರುತ್ತದೆ, ಇನ್ನೊಂದು ತಿಂಗಳು ನೋಡಿ ಮಾರಿಬಿಡುತ್ತೇನೆ ಎಂದು ನೀನು ಬರೆದಿದ್ದೆ.

ಮಾರಬೇಡ. ಡ್ರಾಯರಿನ ಹಲಗೆಗಳು ಒಂದಕ್ಕೊಂದು ಕೂರುವ ಕಚ್ಚು ಕೊರೆಯುವುದು ಹೇಗೆಂದು ಕೇಳಿದ್ದೆಯಲ್ಲ, ಹೇಳುತ್ತೇನೆ, ನಿಧಾನವಾಗಿ ಓದು.

ಮರ ಕೊರೆಯುವ ಬಿಟ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಇಟ್ಟುಕೋ. ಈ ಕಚ್ಚಿನ ಬಿಟ್ ದಪ್ಪ, ವೇಗ ಕಡಿಮೆಯಿರಲಿ. ಮರ ಆನಿಸುವ ಪಟ್ಟಿಯನ್ನು ಎರಡೂ ಕಡೆಯಿಂದ ಬಿಟ್ಟಿನ ಹತ್ತಿರಕ್ಕೆ ತಾ, ಬೇಕಾದಷ್ಟೇ ಹಲ್ಲು ಹೊರಗಿರಲಿ. ಮುಂಭಾಗದ ಹಲಗೆ ಟೇಬಲಿನ ಮೇಲೆ ಮಲಗಿ ಹೋಗಬೇಕು, ಪಕ್ಕದವು ಪಟ್ಟಿಗೆ ಒರಗಿ ನಿಂತು ಹೋಗಬೇಕು. ಮೊದಲು ಅದೇ ದಪ್ಪದ ಚೂರುಗಳಲ್ಲಿ ಕೊರೆದು ಜೋಡಿಸಿ ನೋಡು. ಸುತ್ತಿಗೆ ಕೇಳಿದರೆ ಬಿಗಿ, ತಾನಾಗಿ ಕಳಚಿದರೆ ಸಡಿಲ. ಅಂಗೈಯಲ್ಲಿ ಒತ್ತಿದರೆ ಕೂರಬೇಕು.

ಕಿರಿದಾದ ಹಲಗೆಗಳನ್ನು ಬರಿಗೈಯಲ್ಲಿ ತಳ್ಳುವ ಧೈರ್ಯ ಬೇಡ. ಅಗಲದ ಹಲಗೆಗೇ ಕಚ್ಚು ಕೊರೆದು, ಆಮೇಲೆ ಉದ್ದಕ್ಕೆ ಸೀಳಿ ಎರಡು ಮಾಡಿಕೋ. ಹಿಂದಿನಿಂದ ಚೌಕದ ಮರದ ತುಂಡಿಟ್ಟು ತಳ್ಳು. ಕೈ ದೂರ ಉಳಿಯುತ್ತದೆ, ಹಲಗೆಯ ಅಂಚೂ ಸಿಗಿಯುವುದಿಲ್ಲ.

ಮೊನ್ನೆ ನಿನ್ನ ಹೆಂಡತಿ ಫೋನ್ ಮಾಡಿದ್ದಳು, ನಿನಗೆ ಹೇಳಿದಳೋ ಇಲ್ಲವೋ. "ಅತ್ತಿಗೆ, ಇವರು ಬಾಗಿಲು ಹಾಕ್ಕೊಂಡು ಯಂತ್ರದ ಮುಂದೆ ಸುಮ್ನೆ ಕೂತಿರ್ತಾರೆ. ಸದ್ದು ಬಂದ್ರೆ ಭಯ ಆಗುತ್ತೆ ಅಂದ್ಕೊಂಡಿದ್ದೆ, ಬರದೇ ಇದ್ರೇ ಜಾಸ್ತಿ ಭಯ" ಅಂದಳು. ಬಾಗಿಲಿಗೆ 'ಯಾರೂ ಕೂಗಬಾರದು' ಎಂದು ಬರೆದು ಅಂಟಿಸಿದ್ದೀಯಂತೆ. ಅದನ್ನು ನೋಡಿ ಮಗಳು ಅಡುಗೆಮನೆಗೂ ಒಂದು ಅಂಟಿಸಿದ್ದಾಳಂತೆ, ಅಮ್ಮನಿಗೆ. ಇಬ್ಬರೂ ನಕ್ಕೆವು. ಫೋನಿಟ್ಟ ಮೇಲೆ ನನಗೆ ಬೇರೆ ಕೆಲಸ ಹಿಡಿಸಲಿಲ್ಲ.

ನಿನ್ನ ಕೈಕಾಲು ಗಟ್ಟಿಯಾಗಿರಲಿ, ಮನೆ ತಣ್ಣಗಿರಲಿ. ಮಗಳಿಗೆ ಮುತ್ತು.

ನಿನ್ನ
ಅಕ್ಕ

ಮತ್ತೆ ಬರೆದದ್ದು: ಲಕೋಟೆಗೆ ಹಾಕುವ ಮುಂಚೆ ಓದಿ ನೋಡಿದೆ. ಮುಖ್ಯವಾದದ್ದನ್ನೇ ಬಿಟ್ಟಿದ್ದೇನೆ. ಮರವನ್ನು ಯಾವಾಗಲೂ ಬಲದಿಂದ ಎಡಕ್ಕೆ, ಬಿಟ್ ತಿರುಗುವುದಕ್ಕೆ ಎದುರಾಗಿ ತಳ್ಳಬೇಕು. ನನ್ನ ಬೆರಳು ಹೋದವತ್ತು ಕೊನೆಯ ಹಲಗೆ ಕೊರೆಯುತ್ತಿದ್ದೆ. ಕಚ್ಚು ಕೂದಲೆಳೆಯಷ್ಟು ಕಡಿಮೆ ಬಿದ್ದಿದೆ ಅನ್ನಿಸಿತು. ಎತ್ತಿ ಮತ್ತೆ ಮೊದಲಿನಿಂದ ತರಲು ಸೋಮಾರಿತನ. ಇದ್ದಲ್ಲಿಂದಲೇ ಹಿಂದಕ್ಕೆ ಎಳೆದೆ. ಬಿಟ್ ಹಲಗೆಯನ್ನು ಕಿತ್ತುಕೊಂಡಿತು, ಜೊತೆಗೆ ಕೈಯೂ ಬಿಟ್ಟಿನ ಕಡೆಗೆ ಹೋಯಿತು. ನೀನು ಬಾಗಿಲಲ್ಲಿ ನಿಂತು "ಅಕ್ಕಾ, ಫೋನು" ಎಂದು ಕೂಗುವ ಹೊತ್ತಿಗೆ ಬೆರಳು ಹೋಗಿ ಆಗಿತ್ತು.

ಆಸ್ಪತ್ರೆಯಲ್ಲಿ ನೀನು "ನಾನು ಕೂಗಿದ್ದಕ್ಕೇ ಹೀಗಾಯ್ತು" ಎಂದು ಅತ್ತಾಗ, ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟು ಜನಕ್ಕೆ ಕೆಲಸ ಕಲಿಸಿದವಳು ಇಂಥ ತಪ್ಪು ಮಾಡಿದಳು ಎನ್ನಿಸಿಕೊಳ್ಳುವುದು ಬೇಡವಾಗಿತ್ತು. ನಾಳೆ ಹೇಳೋಣ ಎಂದುಕೊಂಡೆ. ನೀನು ಕೆಲಸ ಬಿಟ್ಟೆ, ಆಗಲೂ ಹೇಳಲಿಲ್ಲ.

ಇದನ್ನು ನಿನ್ನ ಹೆಂಡತಿಗೂ ಓದಿಸು. ನಿನ್ನ ಭಾವನಿಗೆ ಇವತ್ತು ನಾನೇ ಹೇಳುತ್ತೇನೆ. ನನ್ನ ಮೇಲೆ ಎಷ್ಟು ದಿನ ಬೇಕಾದರೂ ಸಿಟ್ಟು ಮಾಡಿಕೋ. ಸಿಟ್ಟಿರುವ ದಿನ ಮಾತ್ರ ಯಂತ್ರದ ಮುಂದೆ ನಿಲ್ಲಬೇಡ.