ಡಿಸ್ಕಿನಲ್ಲಿ ಅಪ್ಪನ ದನಿ

ಹೆಮ್ಮಿಗೆ
ಗುರುವಾರ, 2004

ಶಿವಸ್ವಾಮಣ್ಣ,

ತಾಂಡ್ಯದಿಂದ ನೀನು ಕಳಿಸಿದ ಸಿ.ಡಿ. ತಲುಪಿತು. ನಮ್ಮ ಲಿನಕ್ಸ್ ಕಂಪ್ಯೂಟರಿನ ಡಿಸ್ಕು ನಾನು ಗಿರಾಕಿಗಳಿಗೆ ಮಾಡಿಕೊಡುವ ಮದುವೆ ಕಾರ್ಡುಗಳಿಂದ ತುಂಬಿ ಕೆಲಸ ನಿಂತಿರುವುದು ನಿಜ. ಆದರೆ ಡಿಸ್ಕಿನಲ್ಲಿ ಜಾಗ ಹಿಗ್ಗಿಸಲು ಆ ಸಿ.ಡಿ.ಯಲ್ಲಿ ನೀನು ಕಳಿಸಿದ ಹೊಸ ಟೂಲು ‘ಇನ್ನೂ ಪ್ರಯೋಗದಲ್ಲಿದೆ’ ಎಂದು ಅದನ್ನು ಮಾಡಿದವರೇ ಬರೆದಿದ್ದಾರಲ್ಲ! ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಹಳೆಯ ಟೂಲೂ, ತಪ್ಪಿದರೆ ಡಿಸ್ಕಿನಲ್ಲಿರುವುದು ಅಳಿಸಿಹೋದೀತು, ಮೊದಲು ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಕೊಳ್ಳಿ ಎನ್ನುತ್ತದೆ. ಎಲ್ಲಿಗೆ ಮಾಡಲಿ? ಬೆಳಗಿನಿಂದ ಒಮ್ಮೆ ಇದರ, ಒಮ್ಮೆ ಅದರ ಕಮಾಂಡ್ ಟೈಪ್ ಮಾಡಿ, ಎಂಟರ್ ಒತ್ತಲಾರದೆ ಅಳಿಸುತ್ತಿದ್ದೇನೆ.

ನೀನು ಮೈಕ್ ತಂದ ದಿನ ರೆಕಾರ್ಡ್ ಮಾಡಿದೆಯಲ್ಲ, ಅಪ್ಪ ನಮ್ಮ ಹಸು ಗೌರಿಯನ್ನು ಕೂಗುವ ದನಿ, ಅದು ಇರುವುದು ಇದರಲ್ಲಿ ಮಾತ್ರ. ಫ್ಲಾಪಿಗೆ ಹಿಡಿಸುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಗೌರಿ ಹಾಲು ಕೊಡದೆ ಒದೆಯತೊಡಗಿದಾಗ, ಅವ್ವ ಸ್ಪೀಕರನ್ನು ಕಿಟಕಿಗಿಟ್ಟು ಅದನ್ನು ಕೇಳಿಸಿಯೇ ಹಾಲು ಕರೆಯುತ್ತಿದ್ದಳು. ‘ಗೌರೀನೇ ಮಾರಾಯ್ತಲ್ಲ, ಇನ್ನದ್ಯಾಕೆ?’ ಎಂದು ನೀನು ಫೋನಿನಲ್ಲಿ ಕೇಳಿದೆ. ಈಗಲೂ ಅವ್ವ ಬೆಳಿಗ್ಗೆ ಚೊಂಬು ಹಿಡಿದು ಬಂದು ‘ವಸಿ ಅದ್ನ ಆಕವ್ವ’ ಎನ್ನುತ್ತಾಳೆ. ಕೇಳಿ ಮುಗಿದ ಮೇಲೆ ಖಾಲಿ ಚೊಂಬನ್ನು ತೊಳೆದು ಬೋರಲು ಹಾಕುತ್ತಾಳೆ.

ಆ ದನಿಯನ್ನು ಸಿ.ಡಿ.ಗೆ ನಕಲು ಮಾಡಿಕೊಳ್ಳಲು ಒಂದು ಸಿ.ಡಿ. ರೈಟರ್ ಎಲ್ಲಿಂದಾದರೂ ತಾ. ಅಲ್ಲಿಯವರೆಗೆ ನಾನು ಏನನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆಯೇ ಬಾ, ನೀನೂ ಕೇಳಿದಂತಾಗುತ್ತದೆ.

ನಿನ್ನ ತಂಗಿ,
ಸುಮಿತ್ರ